ಗುಂಡಿಯ ತಳದ ಬಿಳಿ ಕೆಸರು

ಟೂಂಗಾಬಿ ಅನ್ನುವ ಈ ಪರದೇಶದ ಊರಿನಲ್ಲಿ ನಮ್ಮ ಮನೆ ರಸ್ತೆಗಿಂತ ಕೆಳಗಿದೆ. ಕೊಳ್ಳುವಾಗ ಇದೊಂದು ವಿಷಯ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೂ ಆ ಹುಮ್ಮಸ್ಸಿನಲ್ಲಿ ನನ್ನ ಕಿವಿಗೆ ಬೀಳುತ್ತಿರಲಿಲ್ಲ. ಸ್ಟೇಷನ್ನಿಗೆ ನಡೆದು ಹೋಗಬಹುದು, ಅಂಗಡಿ ಹತ್ತಿರ. ಅಡುಗೆಮನೆ, ಹಾಲ್, ಬೆಡ್‌ರೂಮುಗಳೆಲ್ಲ ಮೇಲೆ. ಕೆಳಗೆ ಮುಂಬಾಗಿಲು, ಅದರ ಪಕ್ಕ ಗ್ಯಾರೇಜು, ಗ್ಯಾರೇಜಿಗೆ ಅಂಟಿಕೊಂಡು ಬಚ್ಚಲಿರುವ ಒಂದು ರೂಮು. ಮೊಣಕಾಲು ನೋವಿನ ಅತ್ತೆಗೆ ಹೇಳಿ ಮಾಡಿಸಿದಂತಿದೆ ಅಂತ ಮನೆ ನೋಡಿದ ದಿನ ಕುಣಿದವಳು ನಾನೇ.

ರಸ್ತೆಗಿಂತ ಕೆಳಗಿರುವ ಮನೆಯ ಮಳೆನೀರು ತಾನಾಗಿ ರಸ್ತೆಯ ಚರಂಡಿಗೆ ಹತ್ತುವುದಿಲ್ಲ. ಅದಕ್ಕೆ ಗ್ಯಾರೇಜಿನ ಮುಂದೆ ಕಬ್ಬಿಣದ ಜಾಲರಿ ಹೊದಿಸಿದ ಒಂದು ಗುಂಡಿ ಇದೆ. ಊರಲ್ಲಿ ಸಂಪ್ ಅಂದರೆ ಕುಡಿಯುವ ನೀರು ತುಂಬಿಡುವ ತೊಟ್ಟಿ. ಇಲ್ಲಿ ಅದು ಬೇಡದ ನೀರನ್ನು ಹಿಡಿದು ಹೊರಹಾಕುವ ಗುಂಡಿ. ಗುಂಡಿಯೊಳಗೆ ಪಂಪು, ಪಂಪಿಗೆ ವೈರಿನಲ್ಲಿ ಕಟ್ಟಿದ ಒಂದು ಫ್ಲೋಟ್. ನೀರು ಏರಿದರೆ ಫ್ಲೋಟ್ ಮೇಲೇಳುತ್ತದೆ, ಪಂಪು ಶುರುವಾಗುತ್ತದೆ. ನೀರು ಇಳಿದರೆ ಫ್ಲೋಟ್ ಜೋತು ಬೀಳುತ್ತದೆ, ಪಂಪು ನಿಲ್ಲುತ್ತದೆ. ಮಳೆ ಬಂದಾಗ ಎರಡು ನಿಮಿಷ ಗುರ್ ಅಂದು ಸುಮ್ಮನಾಗುವುದಷ್ಟೇ ಅದರ ಕೆಲಸ.

ಆ ಚಳಿಗಾಲದಲ್ಲಿ ಅದು ಸುಮ್ಮನಾಗುವುದನ್ನು ಮರೆಯಿತು. ಸಣ್ಣ ಮಳೆಗೂ ಗಂಟೆಗಟ್ಟಲೆ ಓಡುತ್ತಿತ್ತು. ಮಳೆ ನಿಂತು ಬಿಸಿಲು ಬಂದ ಮೇಲೂ ಓಡುತ್ತಿತ್ತು. ನನಗೆ ಆಫೀಸು, ಅಡುಗೆ, ಮಗಳ ಈಜು ಕ್ಲಾಸು. ಓಡುತ್ತಿದೆಯಲ್ಲ, ನಿಂತಿಲ್ಲವಲ್ಲ ಅಂತ ಬಿಟ್ಟೆ. ಒಂದು ದಿನ ಜೋರು ಮಳೆ ಹಿಡಿದುಕೊಂಡಾಗ, ಅಷ್ಟೂ ದಿನ ಸುಮ್ಮನೆ ಓಡಿ ಬಿಸಿಯೇರಿದ್ದ ಪಂಪು ತಾನೇ ಆಫ್ ಆಯಿತು. ಅದು ತಣ್ಣಗಾಗಿ ಮತ್ತೆ ಶುರುವಾಗುವಷ್ಟರಲ್ಲಿ ಗುಂಡಿ ತುಂಬಿ ನೀರು ಗ್ಯಾರೇಜು ದಾಟಿ ಅತ್ತೆಯ ರೂಮಿಗೆ ಹೋಯಿತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಅವರು ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು, ತೊಡೆಯ ಮೇಲೆ ಸೀರೆಗಳ ಗಂಟು. ನನಗೆ ಫೋನ್ ಯಾಕೆ ಮಾಡಲಿಲ್ಲ ಅಂದರೆ, "ನೀ ಕೆಲಸದಾಗ ಇರ್ತೀ ಅಂತ ಮಾಡ್ಲಿಲ್ಲ," ಅಂದರು.

ಅವತ್ತು ಕಾರ್ಪೆಟ್ ಕಿತ್ತು ಬಿಸಾಕಿದೆವು. ಬರಿಯ ಸಿಮೆಂಟಿನ ಮೇಲೆ ಜಮಖಾನ ಹಾಸಿಕೊಂಡು ಅತ್ತೆ ಮತ್ತೆ ಅದೇ ರೂಮಿನಲ್ಲಿದ್ದರು. ಬೇರೆ ದಾರಿ ಇರಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ದಿನಕ್ಕೊಮ್ಮೆ ಮೇಲೆ ಬರುವುದೇ ಅವರಿಗೆ ದೊಡ್ಡ ಪ್ರಯಾಣ, ಮೇಲಿನ ಬಚ್ಚಲಿನ ಟಬ್ಬು ದಾಟುವುದು ಆಗದ ಮಾತು.

ನನ್ನ ಗಂಡ ಆಗ ಕೆಲಸದ ಮೇಲೆ ಎರಡು ವಾರ ಮೆಲ್ಬರ್ನ್‌ನಲ್ಲಿದ್ದರು, ತಮ್ಮನ ಮನೆಯಲ್ಲೇ. ಅಣ್ಣತಮ್ಮ ಸೇರಿ ತೀರ್ಮಾನ ಮಾಡಿ ಮಂಗಳವಾರ ಫೋನ್ ಮಾಡಿದರು.

"ಶನಿವಾರ ಬರ್ತೀನಿ. ರವಿವಾರ ಅವ್ವನ್ನ ಇಲ್ಲಿಗೆ ಕರ್ಕೊಂಡು ಬಂದ್ಬಿಡ್ತೀನಿ," ಅಂದರು. "ತಮ್ಮಂದು ಮೂರನೇ ಫ್ಲೋರ್, ಲಿಫ್ಟ್ ಐತಿ. ನೀರಿನ ಟೆನ್ಷನ್ನ ಇಲ್ಲ."

"ಎಷ್ಟು ದಿನಕ್ಕೆ?"

"ನೋಡೂಣು. ಸೆಟ್ ಆದ್ರ ಇಲ್ಲೇ ಇರ್ಲಿ. ಪ್ಲಂಬರ್ ಏನಂದ?"

ಪ್ಲಂಬರ್ ಗುಂಡಿಯ ಕಡೆ ಕಣ್ಣು ಕೂಡ ಹಾಯಿಸದೆ ಫೋನಿನಲ್ಲೇ ಪಂಪು ಬದಲಾಯಿಸಬೇಕು ಅಂದಿದ್ದ. ಬರುವುದು ಎರಡು ವಾರದ ನಂತರ. ಹವಾಮಾನದವರು ಶುಕ್ರವಾರ ಸಂಜೆಯಿಂದ ಜೋರು ಮಳೆ ಅನ್ನುತ್ತಿದ್ದರು.

"ಟಿಕೆಟ್ ಬುಕ್ ಮಾಡೋದಾದ್ರೆ ಕ್ಯಾನ್ಸಲ್ ಆಗೋ ತರ ಮಾಡಿ," ಅಂದೆ. "ಶುಕ್ರವಾರದೊಳಗೆ ಇದನ್ನ ನಾನೇ ಸರಿ ಮಾಡ್ತೀನಿ."

ಗಂಡ ನಕ್ಕರು. ನಗಲಿ. ನಾನು ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಬರೆದದ್ದರಲ್ಲಿ ತಪ್ಪು ಎಲ್ಲಿದೆ, ಯಾರದ್ದು ಅಂತ ಹುಡುಕುವುದಕ್ಕೇ ಹದಿನಾಲ್ಕು ವರ್ಷದಿಂದ ಸಂಬಳ ತೆಗೆದುಕೊಳ್ಳುತ್ತಿರುವವಳು. ಆ ಕೆಲಸದಲ್ಲಿ ನನಗೆ ಸಿಗುವ ಖುಷಿ ಸ್ವಲ್ಪ ಜಾಸ್ತಿಯೇ ಅಂತ ಆಫೀಸಿನಲ್ಲೂ ಹೇಳುತ್ತಾರೆ.

ಫೋನಿನ ಮಾತು ಅತ್ತೆಗೂ ಕೇಳಿಸಿತ್ತು. ಮೆಲ್ಬರ್ನ್ ಬಗ್ಗೆ ಅವರು ಆಡಿದ್ದು ಒಂದೇ ಮಾತು. "ಅಲ್ಲಿ ಬಾಗಲ ಮುಂದ ಕಾರ್ಪೆಟ್ ಹಾಸ್ಯಾರ. ರಂಗೋಲಿ ಎಲ್ಲಿ ಹಾಕೋದು?" ಅಷ್ಟು ಹೇಳಿ ಅವರೆಕಾಯಿ ಸುಲಿಯುವುದನ್ನು ಮುಂದುವರಿಸಿದರು. ಹೋಗುವುದಿಲ್ಲ ಅನ್ನಲಿಲ್ಲ. ಧಾರವಾಡದಿಂದ ಬಂದು ಮೂರು ವರ್ಷವಾಗಿತ್ತು, ಇದು ಬೇಕು ಇದು ಬೇಡ ಅಂತ ಅವರು ಅಂದದ್ದನ್ನು ನಾನು ಕೇಳಿರಲೇ ಇಲ್ಲ. ಅದು ಅವರ ಸ್ವಭಾವ ಅಂದುಕೊಂಡಿದ್ದೆ.

ಅವರು ಹೋಗುವುದು ನನಗೆ ಬೇಡವಾಗಿತ್ತು. ಮಗಳು ಕನ್ನಡದಲ್ಲಿ ಬಾಯಿ ಬಿಡುವುದು ಅಜ್ಜಿಯ ಹತ್ತಿರ ಮಾತ್ರ ಅನ್ನುವುದು ಒಂದು ಕಾರಣ, ಅದನ್ನು ಎಲ್ಲರಿಗೂ ಹೇಳುತ್ತಿದ್ದೆ. ಹೇಳದೆ ಇದ್ದದ್ದು ಇನ್ನೊಂದು. ಬೆಳಿಗ್ಗೆ ಟ್ರೇನಿಗೆ ಓಡುವಾಗ ಬಾಗಿಲಲ್ಲಿ ಬಿಳಿ ಎಳೆ ದಾಟಿ ಹೋಗುವುದು, ಸಂಜೆ ಬಂದಾಗ ಕೆಳಗಿನ ರೂಮಿನಲ್ಲಿ ಲೈಟು ಉರಿಯುತ್ತಿರುವುದು, ಇವಿಲ್ಲದ ಮನೆಗೆ ಬರುವುದನ್ನು ನನಗೆ ಊಹಿಸಲೂ ಆಗುತ್ತಿರಲಿಲ್ಲ. ನನಗೆ ಅವರು ಬೇಕಾಗಿದ್ದರು. ಒಂದು ದಿನವೂ ಅವರಿಗೆ ಹಾಗಂದಿರಲಿಲ್ಲ.

ಬುಧವಾರ ಮನೆಯಿಂದಲೇ ಆಫೀಸು ಕೆಲಸ ಅಂತ ತಿಳಿಸಿ ಗುಂಡಿಯ ಮುಂದೆ ಕೂತೆ. ಪಂಪು ನಿಲ್ಲದಿರಲು ಮೂರು ಕಾರಣ ಇರಬಹುದು. ಎಲ್ಲಿಂದಲೋ ನೀರು ಬರುತ್ತಲೇ ಇರಬೇಕು. ಇಲ್ಲವೆ ಮೇಲಕ್ಕೆ ಹೋದ ನೀರು ಪೈಪಿನಿಂದ ವಾಪಸ್ ಬೀಳುತ್ತಿರಬೇಕು. ಇಲ್ಲವೆ ನೀರು ಖಾಲಿಯಾದರೂ ಪಂಪಿಗೆ ಅದು ತಿಳಿಯುತ್ತಿಲ್ಲ. ಮೊದಲನೆಯದೇ ಸರಿ ಅಂತ ನನ್ನ ಮನಸ್ಸು ಹೇಳಿತು, ಏಕೆಂದರೆ ಅದರಲ್ಲಿ ಬೈಯಲು ಒಬ್ಬರು ಸಿಗುತ್ತಿದ್ದರು. ನಮ್ಮ ಹಿಂದಿನ ಎತ್ತರದ ಜಾಗದಲ್ಲಿ ಒಬ್ಬ ಅಜ್ಜ ಇದ್ದಾನೆ, ತೋಟದ ಹುಚ್ಚು. ಅವನ ಹುಲ್ಲಿನ ನೀರು ಜಿನುಗಿ ನಮ್ಮ ಗುಂಡಿಗೆ ಬರುತ್ತಿದೆ ಅಂತ ತೀರ್ಮಾನ ಮಾಡಿ ಅವನ ಬಾಗಿಲು ತಟ್ಟಿದೆ. ಅವನು ನಾನು ಹೇಳಿದ್ದೆಲ್ಲ ಕೇಳಿಸಿಕೊಂಡ. ಚಪ್ಪಲಿ ಹಾಕಿಕೊಂಡು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸ್ಪ್ರಿಂಕ್ಲರ್ ತೋರಿಸಿದ. ಬೇಸಿಗೆಯಲ್ಲೇ ಮುರಿದದ್ದು, ಜೇಡ ಬಲೆ ಕಟ್ಟಿತ್ತು. "ಸಾರಿ" ಅಂದೆನೋ ಇಲ್ಲವೋ ಅನ್ನುವ ಹಾಗೆ ಅಂದು ಇಳಿದು ಬಂದೆ.

ಬಂದವಳು ಮನೆಯ ನಲ್ಲಿಗಳನ್ನೆಲ್ಲ ಬಂದ್ ಮಾಡಿ ಮೀಟರ್ ನೋಡಿದೆ. ಮುಳ್ಳು ಅಲುಗಲಿಲ್ಲ. ನಮ್ಮ ಪೈಪುಗಳೂ ಸೋರುತ್ತಿಲ್ಲ. ಒಂದು ದಿನ ಹೋಯಿತು.

ಗುರುವಾರ ಬೆಳಿಗ್ಗೆ ಸರಿಯಾಗಿ, ಆಫೀಸಿನಲ್ಲಿ ಮಾಡುವ ಹಾಗೆ, ಒಂದೊಂದನ್ನೇ ಪರೀಕ್ಷಿಸಿದೆ. ಪಂಪಿನ ಪ್ಲಗ್ಗು ಕಿತ್ತೆ. ಯಾರಾದರೂ ಮರೆತು ಹಾಕಿಬಿಟ್ಟಾರು ಅಂತ ಅದರ ವೈರನ್ನು ಬಾಗಿಲ ಹಿಡಿಗೆ ಸುತ್ತಿ ಗಂಟು ಹಾಕಿದೆ. ಜಾಲರಿ ತೆಗೆದು, ಮಗಳ ಚಾಕ್‌ಪೀಸಿನಿಂದ ಗುಂಡಿಯ ಗೋಡೆಯ ಮೇಲೆ ನೀರು ಇರುವ ಮಟ್ಟಕ್ಕೆ ಗೆರೆ ಎಳೆದೆ. ಎರಡು ಮೀಟಿಂಗು ಮುಗಿಸಿ ಬಂದು ನೋಡಿದರೆ ನೀರು ಗೆರೆಯಲ್ಲೇ ಇತ್ತು. ಅಂದರೆ ಹೊಸ ನೀರು ಬರುತ್ತಿಲ್ಲ, ಪೈಪಿನದೂ ವಾಪಸ್ ಬೀಳುತ್ತಿಲ್ಲ. ಮೂರರಲ್ಲಿ ಎರಡು ಕಾರಣ ಹೋದವು. ಆ ಕ್ಷಣದ ಸಂತೋಷಕ್ಕೆ ನಾನು ಗ್ಯಾರೇಜಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಪ್ಲಗ್ಗು ಹಾಕಿ ನಾಲ್ಕು ಬಕೆಟ್ ನೀರು ಸುರಿದೆ. ಫ್ಲೋಟ್ ಎದ್ದಿತು, ಪಂಪು ಗುರ್ ಅಂದಿತು, ನೀರು ಇಳಿಯಿತು. ಫ್ಲೋಟೂ ಇಳಿಯುತ್ತಾ ಬಂದು ಅರ್ಧದಲ್ಲೇ ಯಾವುದರ ಮೇಲೋ ಕೂತುಬಿಟ್ಟಿತು. ಇನ್ನೂ ಒಂದು ಗೇಣು ಇಳಿದರೆ ಜೋತು ಬಿದ್ದು ಪಂಪು ನಿಲ್ಲಬೇಕು. ಅದು ಮಂಚದ ಮೇಲೆ ಒರಗಿದ ಹಾಗೆ ಆರಾಮಾಗಿ ಅಡ್ಡಡ್ಡ ಕೂತಿತ್ತು. ಪಂಪು ಗಾಳಿ ಎಳೆಯುತ್ತಾ ಓಡುತ್ತಲೇ ಇತ್ತು. ಟಾರ್ಚು ಬಿಟ್ಟು ನೋಡಿದೆ. ತಳ ಬೆಳ್ಳಗೆ, ನುಣ್ಣಗೆ ಇತ್ತು. ಗುಂಡಿಯ ಕಾಂಕ್ರೀಟ್ ಇರಬೇಕು ಅಂದುಕೊಂಡು, ಮತ್ತೆ ಪ್ಲಗ್ಗು ಕಿತ್ತು, ಮಾಪಿನ ಕೋಲಿನಿಂದ ಚುಚ್ಚಿದೆ. ಕೋಲು ಸೀದಾ ಒಳಗೆ ಹೋಯಿತು.

ಕೆಸರು. ಮೊಸರಿನಷ್ಟು ಗಟ್ಟಿ, ಬಿಳಿ ಕೆಸರು.

ನನಗೆ ಎಲ್ಲ ಅರ್ಥವಾಗಿಹೋಯಿತು ಅನ್ನಿಸಿತು. ಮನೆ ಕಟ್ಟಿದವನು ಸಿಮೆಂಟೋ ಸುಣ್ಣವೋ ತೊಳೆದು ಗುಂಡಿಗೇ ಬಿಟ್ಟು ಹೋಗಿದ್ದಾನೆ. ಕೈಯಲ್ಲಿ ಕೆಸರು ಇರುವಾಗಲೇ ಫೋಟೋ ತೆಗೆದು ಬಿಲ್ಡರ್‌ಗೆ ಮೇಲ್ ಬರೆದೆ. ಒಳ್ಳೆ ಮೇಲ್. ನಿಮ್ಮ ನಿರ್ಲಕ್ಷ್ಯದಿಂದ ವಯಸ್ಸಾದ ಒಬ್ಬ ಹೆಂಗಸು ನೀರಿನ ನಡುವೆ ಕೂರಬೇಕಾಯಿತು ಅಂತೆಲ್ಲ ಇತ್ತು. ಎರಡು ಸಲ ಓದಿ, ಒಂದು ಕಡೆ ಇನ್ನೂ ಖಾರ ಮಾಡಿ, ಕಳಿಸಿದೆ. ಸಾಕ್ಷಿಗೆ ಇರಲಿ ಅಂತ ಹಳೆಯ ಮಗ್ಗಿನಲ್ಲಿ ಕೆಸರು ಎತ್ತಿ, ಹಳೆಯ ಟವೆಲಿನಲ್ಲಿ ಹಿಂಡಿ, ಪೇಪರಿನ ಮೇಲೆ ತೆಳ್ಳಗೆ ಹರಡಿ ಮುಂಬಾಗಿಲ ಬಿಸಿಲಿಗೆ ಇಟ್ಟೆ.

ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವ ಹೊತ್ತಿಗೆ ಅದು ಒಣಗಿತ್ತು. ಸಿಮೆಂಟಾಗಿದ್ದರೆ ಗಟ್ಟಿ ಹೆಪ್ಪಾಗಬೇಕು. ಇದು ಪುಡಿಯಾಗಿತ್ತು. ಮಗಳು ಬಗ್ಗಿ ನೋಡಿ, "ಅಮ್ಮಾ, ದೇರ್ಸ್ ಪಿಂಕ್ ಇನ್ ಇಟ್," ಅಂದಳು. ಹೌದು, ಬಿಳಿಯ ನಡುವೆ ಅಲ್ಲಲ್ಲಿ ಗುಲಾಬಿ ಚುಕ್ಕೆ, ಹಸಿರು ಚುಕ್ಕೆ. ಒಂದು ಚಿಟಿಕೆ ಎತ್ತಿ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದೆ. ಪುಡಿ ಸಣ್ಣ ಎಳೆಯಾಗಿ ಕೆಳಗೆ ಬಿತ್ತು. ಗುಲಾಬಿ, ಹಸಿರು ದೀಪಾವಳಿಯ ಬಣ್ಣಗಳು. ಬಿಳಿ, ಹ್ಯಾರಿಸ್ ಪಾರ್ಕಿನ ನಮ್ಮವರ ಅಂಗಡಿಯಿಂದ ತಿಂಗಳಿಗೊಂದು ಪ್ಯಾಕೆಟ್ಟು ನಾನೇ ತಂದುಕೊಟ್ಟ ರಂಗೋಲಿ ಪುಡಿ. ಕಲ್ಲಿನ ಪುಡಿ.

ಪೇಪರಿನ ಮುಂದೆ ಕುಕ್ಕರಗಾಲಲ್ಲಿ ಕೂತವಳಿಗೆ ಮೂರು ವರ್ಷದ ಹಿಂದಿನ ಒಂದು ಬೆಳಿಗ್ಗೆ ನೆನಪಾಯಿತು. ಅತ್ತೆ ಬಂದು ವಾರವಾಗಿತ್ತು. ಹಿಂದಿನ ದಿನದ ರಂಗೋಲಿಯನ್ನು ಮೆತ್ತನೆಯ ಸಣ್ಣ ಪೊರಕೆಯಿಂದ ಒಂದು ತಟ್ಟೆಗೆ ಗುಡಿಸಿ, ಅದನ್ನು ಬೇಲಿಯ ಬುಡಕ್ಕೆ ಹಾಕಿ, ಒದ್ದೆ ಬಟ್ಟೆಯಿಂದ ಹೊಸ್ತಿಲು ಒರೆಸಿ, ಆಮೇಲೆ ಹೊಸದು ಹಾಕುತ್ತಿದ್ದರು. ನಿಧಾನದ ಕೆಲಸ. ನನಗೆ ಟ್ರೇನು. ಆಫೀಸಿನ ಕಪ್ಪು ಶೂಗೆ ಬಿಳಿ ಧೂಳು. ನಾನು ಗೋಡೆಯ ಪೈಪು ಎಳೆದು, ನಲ್ಲಿ ತಿರುಗಿಸಿ, ಒಂದೇ ಸಲಕ್ಕೆ ಎಲ್ಲವನ್ನೂ ಜಾಲರಿಯ ಕಡೆಗೆ ತಳ್ಳಿ ತೋರಿಸಿದ್ದೆ. "ಇಷ್ಟೇ ಅತ್ತೆ. ದಿನಾ ಹೀಗೆ ಮಾಡಿ."

"ಇಷ್ಟ ನೀರು ಹಂಗ ಚೆಲ್ಲೋದೇನವಾ?" ಅಂದಿದ್ದರು. ವಾರಕ್ಕೊಮ್ಮೆ ನಳ ಬರುವ ಊರಿನಲ್ಲಿ ತಪೇಲಿ, ಬಿಂದಿಗೆ, ಕೊನೆಗೆ ಒಗ್ಗರಣೆ ಸೌಟಿನ ತನಕ ನೀರು ತುಂಬಿಟ್ಟುಕೊಂಡು ಬದುಕಿದವರು.

"ಇದು ಧಾರವಾಡ ಅಲ್ಲ ಅತ್ತೆ. ಇಲ್ಲಿ ನೀರಿಗೇನು ಬರ ಇಲ್ಲ." ಹಾಗಂದಿದ್ದೆ. ಅದೇ ಮಾತು, ಅದೇ ದನಿ.

ಅವರು ಮರುದಿನದಿಂದ ಪೈಪು ಹಿಡಿದಿದ್ದರು. ದಿನಾ ಒಂದು ಹಿಡಿ ಕಲ್ಲಿನ ಪುಡಿ, ಮೂರು ವರ್ಷ.

ನಾನು ಪೇಪರು ಮಡಚುವುದರೊಳಗೆ ಅತ್ತೆ ಬಾಗಿಲಿಗೆ ಬಂದಿದ್ದರು. ಬಗ್ಗುವುದು ಕಷ್ಟ, ಆದರೂ ಬಾಗಿಲು ಹಿಡಿದು ಬಗ್ಗಿ ಪುಡಿ ಮುಟ್ಟಿದರು. ಅವರಿಗೆ ಉಜ್ಜಿ ನೋಡುವ ಅಗತ್ಯ ಇರಲಿಲ್ಲ.

"ಇದು ನನ್ನ ರಂಗೋಲಿ ಅಲ್ಲೇನವಾ?"

ಸಿಮೆಂಟು ಅತ್ತೆ, ಬಿಲ್ಡರಿಂದು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವತ್ತು ಮುಗಿಯುತ್ತಿತ್ತು. ನನ್ನ ಮುಖ ನೋಡಿ ಅವರೇ ಉತ್ತರ ತಿಳಿದುಕೊಂಡರು.

"ನನ್ನ ಕೈಯಾರ ನಿನ್ನ ಮನಿ ತೋಯಿಸೀನಿ," ಅಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನ ಸೂಟ್‌ಕೇಸ್ ಎಳೆಯುವ ಸದ್ದು ಕೇಳಿಸಿತು. ಬರಿ ಸಿಮೆಂಟಿನ ಮೇಲೆ ಅದರ ಗಾಲಿಗಳು ಕಿರುಗುಟ್ಟಿದವು.

ಗ್ಯಾರೇಜಿನಿಂದ ಆ ರೂಮಿಗೆ ಹತ್ತು ಹೆಜ್ಜೆ. ಅದನ್ನು ನಡೆಯುವುದು ನನಗೆ ಎರಡು ದಿನದ ಎಲ್ಲ ಕೆಲಸಕ್ಕಿಂತ ಕಷ್ಟವಾಯಿತು. ತಪ್ಪು ಹುಡುಕುವವರಿಗೆ ತಪ್ಪು ಒಪ್ಪುವ ಅಭ್ಯಾಸ ಇರುವುದಿಲ್ಲ. ಅವರು ಮಂಚದ ಮೇಲೆ ಸೀರೆ ಮಡಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ಪುಡಿ ಮೆತ್ತಿದ ಕೈಯನ್ನು ಹಿಂದೆ ಕಟ್ಟಿಕೊಂಡು, ಹೇಳಿದೆ.

"ಅತ್ತೆ, ನೀವು ಗುಡಿಸಿ ಬೇಲಿಗೆ ಹಾಕ್ತಾ ಇದ್ರಿ. ಪೈಪ್ ಕೈಗೆ ಕೊಟ್ಟಿದ್ದು ನಾನು. ರೂಮಿಗೆ ನೀರು ಬರೋ ಹಾಗೆ ಮಾಡಿದ್ದು ನಾನು. ತಪ್ಪು ನಂದು."

ಅವರು ತಲೆ ಎತ್ತಲಿಲ್ಲ. "ಅವತ್ತ ನನಗ ಅನಿಸಿತ್ತು. ಕಲ್ಲಿನ ಪುಡಿ, ನೀರಾಗ ಕರಗಂಗಿಲ್ಲ. ಎಲ್ಲೆರ ಹೋಗಿ ಕೂಡತೈತಿ ಅಂತ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರ ನೀ ಕೇಳ್ತಿದ್ದೇನು?" ಸಿಟ್ಟಿನಿಂದ ಅಲ್ಲ, ನಿಜವಾಗಿ ಕೇಳುವ ಹಾಗೆ ಕೇಳಿದರು. ಆಮೇಲೆ ಸೀರೆಯ ಅಂಚು ಸರಿ ಮಾಡುತ್ತಾ, "ನಿನ್ನ ಮನಿ. ನಿನಗ ತಿಳಿದಂಗ ಇರ್ಲಿ ಅಂತ ಸುಮ್ಮನಾದ್ನಿ," ಅಂದರು.

ನೀರು ಬಂದ ದಿನ ಮಂಚದ ಮೇಲೆ ಗಂಟು ಹಿಡಿದು ಕೂತು ಫೋನ್ ಮಾಡದೆ ಇದ್ದದ್ದೂ ಇದಕ್ಕೇ. ಮೂರು ವರ್ಷ ಯಾವುದಕ್ಕೂ ಬೇಡ ಅನ್ನದೆ ಇದ್ದದ್ದೂ ಇದಕ್ಕೇ. ಅದು ಅವರ ಸ್ವಭಾವ ಆಗಿರಲಿಲ್ಲ, ನನ್ನ ಸ್ವಭಾವಕ್ಕೆ ಅವರು ಮಾಡಿಕೊಂಡ ಹೊಂದಾಣಿಕೆ. ನನಗೆ ಅಳು ಬಂತು. ಅತ್ತರೆ ಅವರೇ ಎದ್ದು ಸಮಾಧಾನ ಮಾಡಬೇಕಾಗುತ್ತದೆ, ಅದೂ ಅವರ ತಲೆಗೇ. ಹಲ್ಲು ಕಚ್ಚಿ ನುಂಗಿಕೊಂಡೆ.

"ನೀವು ಮೆಲ್ಬರ್ನ್‌ಗೆ ಹೋಗೋದು ನನಗೆ ಬೇಡ ಅತ್ತೆ," ಅಂದೆ. "ಮಗಳಿಗೋಸ್ಕರ ಅಲ್ಲ. ನನಗೆ ನೀವು ಇಲ್ಲಿರಬೇಕು. ನಾಳೆ ಸಂಜೆಯೊಳಗೆ ಆ ಗುಂಡಿ ಖಾಲಿ ಮಾಡಬೇಕು. ಹೇಗೆ ಅಂತ ನನಗೆ ಗೊತ್ತಿಲ್ಲ. ನೀವು ಹೇಳಿ, ನಾನು ಮಾಡ್ತೀನಿ."

ಅವರು ಮಡಚಿದ ಸೀರೆಯನ್ನು ಪಕ್ಕಕ್ಕಿಟ್ಟರು. "ಆ ಕೈ ತೊಳಕೊ ಮದಲ," ಅಂದರು. ಅದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ. ಸೂಟ್‌ಕೇಸ್ ತೆರೆದೇ ಇತ್ತು.

ಶುಕ್ರವಾರ ರಜೆ ಹಾಕಿದೆ. ಬೆಳಿಗ್ಗೆ ಕೆಳಗಿಳಿದರೆ ಅತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ಗುಂಡಿಯ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದರು. ನಾನು ಕೋಲಿನಿಂದ ಕೆಸರು ಕಲಕಿ, ತೆಳ್ಳಗೆ ಮಾಡಿ, ಪಂಪಿನಿಂದಲೇ ಎಳೆಸುವ ಯೋಚನೆಯಲ್ಲಿದ್ದೆ.

"ಕದಡಬ್ಯಾಡ," ಅಂದರು. "ಕದಡಿದ್ರ ಪಂಪಿನ ಹೊಟ್ಟ್ಯಾಗ ಹೊಕ್ಕೊಂತೈತಿ. ಮದಲ ಮ್ಯಾಲಿನ ತಿಳಿನೀರು ತಗಿ. ಆಮ್ಯಾಲ ದಂಡಿಲಿಂದ ಎತ್ತಗೋತ ಬಾ, ನಡುವ ಕೈ ಹಾಕಬ್ಯಾಡ."

ಊರಲ್ಲಿ ವರ್ಷಕ್ಕೊಮ್ಮೆ ಹಬ್ಬಕ್ಕೆ ಮುಂಚೆ ನೀರಿನ ತೊಟ್ಟಿ ತೊಳೆಯುವುದು ಹೀಗೇ ಅಂತೆ, ಒಂದು ಚೊಂಬು ನೀರೂ ಹಾಳಾಗದ ಹಾಗೆ. ತಿಳಿನೀರನ್ನು ಬಕೆಟ್ಟಿಗೆ ತೆಗೆದು ಗಿಡಗಳಿಗೆ ಹಾಕಿದೆ, ಅವರ ಅಪ್ಪಣೆ. ಕೆಸರನ್ನು ಹಳೆಯ ಪಲ್ಯದ ಸೌಟಿನಿಂದ ಎತ್ತಿ ಎತ್ತಿ ಪೇಂಟಿನ ಡಬ್ಬಕ್ಕೆ ತುಂಬಿದೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಗಳು ಏಳಾದವು, ನನ್ನ ಸೊಂಟ ನನ್ನದಾಗಿರಲಿಲ್ಲ. ಅಷ್ಟರಲ್ಲಿ ಮೋಡ ಕವಿಯಿತು. ನಿಲ್ಲಿಸೋಣವೇ ಅಂದರೆ, "ಇನ್ನ ಒಂದ ಡಬ್ಬಿ ಐತಿ," ಅಂದರು. ಕೊನೆಗೆ ನಿಜವಾದ ತಳ ಕಂಡಿತು, ಬೂದು ಬಣ್ಣದ ಕಾಂಕ್ರೀಟು. ಪಂಪನ್ನು ತೊಳೆದು ವಾಪಸ್ ಇಳಿಸುವಾಗ, "ಕೆಳಗೊಂದ ಇಟ್ಟಂಗಿ ಇಡು," ಅಂದರು. ಪಂಪು ತಳಕ್ಕೆ ತಾಗದ ಹಾಗೆ, ಹಿತ್ತಲಿನಿಂದ ಇಟ್ಟಿಗೆ ತಂದು ಇಟ್ಟೆ. ಬೇಲಿಯ ಮೇಲಿಂದ ಅಜ್ಜ ನೋಡಿ ಕೈ ಬೀಸಿದ. ಈ ಸಲ ಸ್ಪಷ್ಟವಾಗಿ, ಎರಡು ಸಲ, ಸಾರಿ ಅಂದೆ. ಬಿಲ್ಡರ್‌ಗೂ ಕ್ಷಮೆ ಕೇಳಿ ಇನ್ನೊಂದು ಮೇಲ್ ಹಾಕಿದೆ. ನಾಲ್ಕೇ ಸಾಲು, ಮೊದಲಿನದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಮಳೆ ಐದು ಗಂಟೆಗೆ ಶುರುವಾಯಿತು. ಅತ್ತೆ ಮಂಚದ ಮೇಲೆ, ನಾನು ಜಮಖಾನದ ಮೇಲೆ ಕೂತೆವು. ನೀರು ಜಾಲರಿಗೆ ಬೀಳುವ ಸದ್ದು ಹೆಚ್ಚಾಯಿತು. ಪಂಪು ಗುರ್ ಅಂದಿತು. ನಾನು ಫೋನಿನಲ್ಲಿ ಟೈಮರ್ ಒತ್ತಿದೆ. ಒಂದು ನಿಮಿಷ. ಒಂದೂವರೆ. ಎರಡಾಗುವ ಮುಂಚೆ ಟಕ್ ಅಂತ ನಿಂತಿತು, ಮಳೆಯ ಸದ್ದು ಮಾತ್ರ ಉಳಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗಿ ಮತ್ತೆ ನಿಂತಿತು. ನಾನು ಸಿಮೆಂಟಿನ ಮೇಲೆ ಅಂಗೈ ಒತ್ತಿ ನೋಡಿದೆ, ಒಣಗಿತ್ತು.

ಅಷ್ಟರಲ್ಲಿ ಗಂಡನ ಫೋನು, ಮಳೆ ಹೇಗಿದೆ ಅಂತ. ಅತ್ತೆ ಕೈ ಚಾಚಿ ಫೋನ್ ಇಸಿದುಕೊಂಡರು.

"ಟಿಕೆಟ್ ಕ್ಯಾನ್ಸಲ್ ಮಾಡು," ಅಂದರು. "ನಿನ್ನ ತಮ್ಮಗ ದೀಪಾವಳಿಗೆ ಇಲ್ಲೇ ಬಾ ಅನ್ನು."

ಫೋನ್ ನನಗೆ ಕೊಟ್ಟು, ಕಾಲಿನಿಂದ ಸೂಟ್‌ಕೇಸನ್ನು ಮಂಚದ ಕೆಳಕ್ಕೆ ನೂಕಿದರು.

ಶನಿವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹೊಸ್ತಿಲ ಮುಂದೆ ಎಲೆ, ಮಣ್ಣು, ಸೂರಿನಡಿ ಉಳಿದಿದ್ದ ನನ್ನ ನಿನ್ನೆಯ ಬಿಳಿ ಹೆಜ್ಜೆಗಳು. ಅತ್ತೆ ರಂಗೋಲಿ ಡಬ್ಬಿ ಹಿಡಿದು ಕಾಯುತ್ತಿದ್ದರು. ಮೂರು ವರ್ಷದ ಅಭ್ಯಾಸ, ನನ್ನ ಕೈ ಗೋಡೆಯ ಪೈಪಿನ ಕಡೆ ಹೋಯಿತು.

"ಅದನ್ನ ಮುಟ್ಟಬ್ಯಾಡ," ಅಂದರು. "ಪೊರಕಿ ತಗೊ. ಕೂತು ಗುಡಿಸು, ನಿಂತು ಗುಡಿಸಿದ್ರ ಧೂಳ ಏಳತೈತಿ."

ಕೂತು ಗುಡಿಸಿದೆ. ತಟ್ಟೆಗೆ ತುಂಬಿಕೊಂಡು ಏಳುತ್ತಿದ್ದಾಗ ಹಿಂದಿನಿಂದ ಮತ್ತೆ ದನಿ ಬಂತು.

"ಮೂಲಿ ಬಿಟ್ಟಿ."

ತಿರುಗಿ ಹೋಗಿ, ಕೂತು, ಮೂಲೆಯನ್ನೂ ಗುಡಿಸಿದೆ.